ಹೊಸ ಶೂ ಕಚ್ಚಬೇಕು

ನಮ್ಮಪ್ಪನ ಬಲಗಾಲು ಕೆಟ್ಟಿದೆ ಎಂದು ನಂಬಿದ್ದವನು ಇಡೀ ಮೈಸೂರಿನಲ್ಲಿ ಒಬ್ಬನೇ, ಅದು ನಮ್ಮಪ್ಪ. ಡಾಕ್ಟರು ಮೊಣಕಾಲಿಗೆ ತಟ್ಟಿ ನೋಡಿ ಏನೂ ಆಗಿಲ್ಲ ಅಂದರು. ಸೋದರತ್ತೆ ಬಿಸಿ ಎಣ್ಣೆ ಹಚ್ಚಿ ನೀವಿ, ಎತ್ತಿನ ಕಾಲಿದ್ದಂಗೆ ಅದೆ ಅಂದಳು. ನಾನಂತೂ ಮೊದಲ ದಿನವೇ ಹೇಳಿದ್ದೆ, ಕೆಟ್ಟಿರುವುದು ಕಾಲಲ್ಲ, ಕಾರು ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಪ್ಪನದು ಅದಕ್ಕೆ ತಿರುಗಾಮುರುಗಾ. ನೆಲವೇ ಡೊಂಕಾಗಿದ್ದರೂ ತನಗೇ ಕುಣಿಯಲು ಬರುವುದಿಲ್ಲ ಎಂದು ಕೂತುಬಿಡುವ ಮನುಷ್ಯ. ನನಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೆ ಅಪ್ಪನನ್ನು ಕಂಡರೆ ಪ್ರಾಣ, ಏನು ಮಾಡುವುದು.

ಕಾರು ಎರಡನೆಯ ಮಹಾಯುದ್ಧಕ್ಕೆ ಮುಂಚಿನದು. ಅಪ್ಪ ಹೂಟಗಳ್ಳಿಯ ಹೊಲ ಬಿಟ್ಟು ಪೇಟೆಗೆ ಬಂದು ಒಂದು ದೊಡ್ಡ ಮನೆಯಲ್ಲಿ ಡ್ರೈವರಾಗಿದ್ದ. ಸ್ವಾತಂತ್ರ್ಯ ಬಂದ ಮೇಲೆ ಆ ಮನೆಯವರು ಊರು ಬಿಟ್ಟು ಹೋಗುವಾಗ, ಇದನ್ನು ನಿನ್ನಷ್ಟು ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ ಎಂದು ಕಾರನ್ನು ಅವನಿಗೇ ಕೊಟ್ಟರು. ಕಪ್ಪು ಬಣ್ಣ, ಬಟ್ಟೆಯ ಛಾವಣಿ, ಕಪ್ಪೆಯ ಕಣ್ಣಿನ ಹಾಗೆ ಹೊರಗೆ ಬಂದ ದೀಪಗಳು. ನಜರ್‌ಬಾದಿನ ನಮ್ಮ ಬೀದಿಯಲ್ಲಿ ಅದಕ್ಕೆ ಮುದಿಗಾಡಿ ಎಂದೇ ಹೆಸರು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಹೊರಗಿನಿಂದ ಬಂದವರನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದು, ದರ್ಶನ ಮಾಡಿಸಿ, ಕೆಳಗೆ ತಂದು ಬಿಡುವುದು ಅವನ ಕಸುಬು. ಆ ದಾರಿಯ ಒಂದೊಂದು ತಿರುವನ್ನೂ ಅವನು ಮನೆಯ ಹೊಸಿಲು ದಾಟುವಷ್ಟು ಸಲೀಸಾಗಿ ದಾಟುತ್ತಿದ್ದ.

ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ಆಮೇಲೆ ನನ್ನನ್ನು ಸಾಕಿದವಳು ಈ ಸೋದರತ್ತೆ, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಊರಿನಿಂದ ಒಂದು ಟ್ರಂಕು, ಒಂದು ಒನಕೆ ಹಿಡಿದು ಬಂದವಳು ನಮ್ಮ ಮನೆಯ ಯಜಮಾನಿಯೇ ಆಗಿಬಿಟ್ಟಳು. ಅವಳ ಪಾಲಿಗೆ ಭೂಮಿಯ ಮೇಲೆ ಹರಳೆಣ್ಣೆಯಿಂದ ವಾಸಿಯಾಗದ ಕಾಯಿಲೆ ಇರಲಿಲ್ಲ. ತಲೆಗೆ ಹರಳೆಣ್ಣೆ, ಹೊಟ್ಟೆನೋವಿಗೆ ಹರಳೆಣ್ಣೆ, ಬಾಗಿಲು ಕಿರ್ರೆಂದರೆ ಹರಳೆಣ್ಣೆ. ಮನೆಯೆಲ್ಲ ಅದೇ ವಾಸನೆ. ನನಗೆ ಅದು ವಾಸನೆ ಎಂದು ಗೊತ್ತಾದದ್ದೇ ಬೇರೆಯವರ ಮನೆಗೆ ಹೋದಾಗ. ಅಷ್ಟು ವರ್ಷ ಮನೆಯ ಮುಂದೆ ಕಾರು ನಿಂತಿದ್ದರೂ ಅತ್ತೆ ಒಂದು ದಿನವೂ ಅದನ್ನು ಹತ್ತಿರಲಿಲ್ಲ. "ಎತ್ತಿಲ್ದೇ ಇರೋ ಗಾಡಿ ಯಾರ ಮಾತು ಕೇಳ್ತದೆ ಕಣವ್ವ" ಅನ್ನುವಳು. ಬೆಟ್ಟಕ್ಕೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದಳು. ಮಂಡಿನೋವು ಬಂದ ಮೇಲೆ ಅದೂ ನಿಂತಿತ್ತು, ಅಂಗಳದಿಂದಲೇ ಬೆಟ್ಟಕ್ಕೆ ಕೈ ಮುಗಿಯುತ್ತಿದ್ದಳು.

ಆಗಿದ್ದು ಇಷ್ಟು. ಒಂದು ಸಂಜೆ ಅಪ್ಪ ಯಾತ್ರಿಕರ ಸಂಸಾರವೊಂದನ್ನು ಕೂರಿಸಿಕೊಂಡು ಬೆಟ್ಟ ಇಳಿಯುತ್ತಿದ್ದಾಗ ಒಂದು ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಪೆಡಲನ್ನು ತಳಮುಟ್ಟ ತುಳಿದರೂ ಕಾರು ಜಾರುತ್ತಲೇ ಹೋಯಿತು. ಬೇರೆ ಯಾರಾಗಿದ್ದರೂ ಪ್ರಪಾತಕ್ಕೆ ಬೀಳುತ್ತಿದ್ದರು. ಅಪ್ಪ ಗೇರು ಇಳಿಸಿ, ಕಾರನ್ನು ಒಳಮಗ್ಗುಲಿನ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಮಡ್ಗಾರ್ಡು ನೆಗ್ಗಿತು, ಯಾರಿಗೂ ತರಚಿದ ಗಾಯ ಕೂಡ ಆಗಲಿಲ್ಲ. ಆ ಸಂಸಾರದವರು ದೇವರಂಗೆ ಕಾಪಾಡಿದಿರಿ ಎಂದು ಅಪ್ಪನ ಕೈ ಹಿಡಿದುಕೊಂಡರಂತೆ. ಅಪ್ಪ ಮಾತ್ರ ಕಾರನ್ನು ಎಳೆಸಿಕೊಂಡು ಮನೆಗೆ ತಂದು, ಶೆಡ್ಡಿಗೆ ಸೇರಿಸಿ, ಜಗಲಿಯ ಮೇಲೆ ಕೂತ.

"ಕಾಲು ಸೋತ್ಬುಡ್ತು ಕಣಮ್ಮ" ಅಂದ. "ಒತ್ತಿದೆ. ಒತ್ತಕ್ಕೆ ಆಗ್ಲಿಲ್ಲ."

"ಒತ್ತಿದ್ಯಲ್ಲ ಅಪ್ಪ. ತಳಮುಟ್ಟ ಒತ್ತಿದೆ ಅಂತ ನೀನೇ ಹೇಳ್ತಿದೀಯ."

"ಶಕ್ತಿ ಇದ್ದಿದ್ರೆ ನಿಲ್ತಿತ್ತು."

ಅಂದಿನಿಂದ ಅವನು ಕಾರಿನ ಹತ್ತಿರ ಹೋಗಲಿಲ್ಲ. ಬಾಡಿಗೆಗೆ ಕರೆಯಲು ಬಂದವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸುವನು. ಶೆಡ್ಡಿಗೆ ಬೆನ್ನು ಮಾಡಿಕೊಂಡೇ ಕೂರುವನು. ದಸರಾ ಹತ್ತಿರ ಬಂದು, ಊರಿನ ತುಂಬ ಹೊರಗಿನ ಜನ ಸೇರಿ, ಜಟಕಾದವರಿಗೂ ಪುರುಸೊತ್ತಿಲ್ಲದ ಕಾಲ. ನಮ್ಮಪ್ಪ ತೊಡೆಯ ಮೇಲೆ ಕೈಯಿಟ್ಟುಕೊಂಡು, ಆ ಕಾಲನ್ನೇ ನೋಡುತ್ತ ಕೂತಿರುತ್ತಿದ್ದ. ಒಳ್ಳೆಯ ಡ್ರೈವರು ಒಳಗೊಳಗೇ ಸಾಯುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ನನಗೆ ತಡೆಯಲಾಗಲಿಲ್ಲ.

ನಾನಾಗ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ದಸರಾ ರಜೆ ಬಂದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿಗೆ ಇಳಿದೆ. ಕಾರಿನ ಕೆಲಸ ನನಗೆ ಹೊಸದಲ್ಲ. ಅಪ್ಪನಿಗೆ ಇದ್ದ ಮಗನೂ ನಾನೇ, ಮಗಳೂ ನಾನೇ. ಓಡಿಸುವ ಲೈಸೆನ್ಸೂ ಇತ್ತು. ಬೀದಿಯವರು ಗಂಡುಬೀರಿ ಅನ್ನುತ್ತಿದ್ದರು, ಅನ್ನಲಿ, ಅವರ ಮನೆಯ ಬಾವಿಯ ರಾಟೆ ಕೆಟ್ಟರೆ ಕರೆಯುತ್ತಿದ್ದದ್ದು ನನ್ನನ್ನೇ.

ಚಕ್ರ ಬಿಚ್ಚಿ ಡ್ರಮ್ಮು ಎಳೆದ ಕೂಡಲೇ ರೋಗ ಕಂಡಿತು. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ಬೋಗುಣಿಯಂಥದ್ದು ಡ್ರಮ್ಮು. ಅದರೊಳಗೆ ಬಾಗಿದ ಎರಡು ಕಬ್ಬಿಣದ ತುಂಡುಗಳು, ಅವಕ್ಕೆ ಶೂ ಅನ್ನುತ್ತಾರೆ. ಶೂವಿನ ಬೆನ್ನಿಗೆ ಒಂದು ದಪ್ಪ ಪಟ್ಟಿ, ಅದು ಲೈನಿಂಗು. ಪೆಡಲ್ ತುಳಿದರೆ ಶೂಗಳು ಅಗಲವಾಗಿ, ಪಟ್ಟಿ ಡ್ರಮ್ಮಿಗೆ ಕಚ್ಚಿಕೊಂಡು ಚಕ್ರವನ್ನು ನಿಲ್ಲಿಸುತ್ತದೆ. ನಮ್ಮ ಕಾರಿನ ಪಟ್ಟಿಗಳು ಸವೆದು ಸವೆದು ಕಾಗದದಂತಾಗಿದ್ದವು. ರಿವೆಟ್ಟಿನ ತಲೆಗಳು ಹೊರಗೆ ಬಂದು ಡ್ರಮ್ಮನ್ನು ಗೀರಿದ್ದವು. ಭೀಮನೇ ಬಂದು ತುಳಿದಿದ್ದರೂ ಆ ಕಾರು ನಿಲ್ಲುತ್ತಿರಲಿಲ್ಲ. ಸವೆದ ಶೂ ಒಂದನ್ನು ತಂದು ಅಪ್ಪನ ಮುಂದೆ ಇಟ್ಟೆ.

"ಇದು ನೋಡು ನಿನ್ನ ಕಾಲಿನ ಕಾಯಿಲೆ" ಅಂದೆ.

ಅವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ವಾಪಸು ಕೊಟ್ಟ. "ಸವೆದೈತೆ, ಇಲ್ಲ ಅನ್ನಲ್ಲ. ಆದ್ರೂ ಇಷ್ಟು ವರ್ಷ ನಿಲ್ತಿತ್ತಲ್ಲ" ಅಂದ. ಅಷ್ಟೇ. ಹೊಸ ಪಟ್ಟಿ ಕಟ್ಟಿ, ಮೊದಲ ತುಳಿತ ಅವನಿಂದಲೇ ತುಳಿಸಬೇಕು, ಕಾರು ನಿಲ್ಲುವುದನ್ನು ಅವನ ಕಾಲೇ ಅವನಿಗೆ ಹೇಳಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಲಷ್ಕರ್ ಮೊಹಲ್ಲಾದ ಅಂಗಡಿಯಿಂದ ಲೈನಿಂಗಿನ ಸುರುಳಿ ಮತ್ತು ತಾಮ್ರದ ರಿವೆಟ್ಟು ತಂದೆ. ಕಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ನಾಲ್ಕು ಚಕ್ರವನ್ನೂ ಬಿಚ್ಚಿದೆ. ಹಳೆಯ ರಿವೆಟ್ಟುಗಳ ತಲೆಯನ್ನು ಉಳಿಯಿಂದ ಹಾರಿಸಿ, ಶೂಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಹೊಸ ಪಟ್ಟಿಯನ್ನು ಅಳತೆಗೆ ಕತ್ತರಿಸಿದೆ. ಪಟ್ಟಿ ಕೂರಿಸುವುದರಲ್ಲಿ ಒಂದು ಗುಟ್ಟಿದೆ. ನಡುವಿನಿಂದ ಶುರುಮಾಡಿ ಎರಡು ತುದಿಗೂ ಹೋಗಬೇಕು. ತುದಿಯಿಂದ ಶುರುಮಾಡಿದರೆ ನಡುವೆ ಉಬ್ಬು ಉಳಿಯುತ್ತದೆ. ರೊಟ್ಟಿ ತಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಿವೆಟ್ಟಿನ ತಲೆ ಪಟ್ಟಿಯೊಳಗೆ ಮುಳುಗಿ ಕೂರಬೇಕು, ಬೆರಳಾಡಿಸಿದರೆ ತಗುಲಬಾರದು. ಆ ಪಟ್ಟಿಯ ಧೂಳು ಎದೆಗೆ ವಿಷ ಎಂದು ಆಮೇಲೆ ಎಷ್ಟೋ ವರ್ಷಕ್ಕೆ ಪತ್ರಿಕೆಯಲ್ಲಿ ಓದಿದೆ. ಆಗ ಯಾರಿಗೆ ಗೊತ್ತಿತ್ತು, ಬಾಯಿಂದ ಊದಿಯೇ ಒರೆಸಿದ್ದು.

ಸುತ್ತಿಗೆಯ ಸದ್ದು ಕೇಳುತ್ತ ಕೂತಿದ್ದ ಅಪ್ಪ ಬೆನ್ನು ತಿರುಗಿಸಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ.

"ಉಜ್ಜೋಕೆ ಪಟ್ಟಿ ತುದಿಗೆ ಅರ ಹಾಕಿದ್ಯಾ?" ಅಂದ, ಗೋಡೆಗೆ ಹೇಳಿದ ಹಾಗೆ.

"ಹಾಕ್ದೆ."

"ಓರೆಯಾಗಿ ಹಾಕ್ಬೇಕು. ಇಲ್ದಿದ್ರೆ ಕಿರುಚ್ತದೆ."

"ಓರೆಯಾಗೇ ಹಾಕ್ದೆ. ಬಂದು ನೋಡು."

ಬರಲಿಲ್ಲ. ಇರಲಿ, ಕೇಳಿದನಲ್ಲ ಎಂದು ನನಗೆ ಒಳಗೇ ಖುಷಿಯಾಯಿತು. ಎಲ್ಲಾ ಶೂಗಳನ್ನೂ ಚಕ್ರದ ಜಾಗದಲ್ಲಿ ಕೂರಿಸಿ, ಸ್ಪ್ರಿಂಗು ಹಾಕಿ, ಊಟಕ್ಕೆ ಎದ್ದೆ. ಡ್ರಮ್ಮುಗಳನ್ನು ಊಟವಾದ ಮೇಲೆ ಒರೆಸಿ ಮುಚ್ಚೋಣ ಎಂದು ಹಾಗೇ ಬಿಟ್ಟೆ. ಅತ್ತೆ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನಾನು ಕೈ ಒರೆಸಿಕೊಳ್ಳುತ್ತ ಅಪ್ಪನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

"ಎಲ್ಲಾ ಹೊಸ ಶೂ ಅಪ್ಪ. ಕಚ್ಚೇ ಕಚ್ಚುತ್ತೆ. ನಿನ್ನ ಕಾಲಿಗೇ ಗೊತ್ತಾಗುತ್ತೆ ನೋಡ್ತಿರು."

ಅತ್ತೆ ಮೊರ ನಿಲ್ಲಿಸಿ ಅಪ್ಪನ ಕಾಲನ್ನು ನೋಡಿ, "ಅಯ್ಯೋ ಪಾಪ" ಅಂದಳು. ಅದೇಕೆ ಹಾಗಂದಳು ಎಂದು ನಾನು ಕೇಳಲಿಲ್ಲ. ಮುದ್ದೆ ಮಾಡಿಟ್ಟಿದ್ದಳು, ನನಗೆ ಹೊಟ್ಟೆ ಹಸಿದಿತ್ತು.

ಊಟವಾದ ಮೇಲೆ ಡ್ರಮ್ಮು ಮುಚ್ಚಿ ಚಕ್ರ ಏರಿಸಿದೆ. ಹೊಸ ಪಟ್ಟಿಗೆ ಮೊದಲೇ ಒಂದು ಮಿನುಗು ಇರುತ್ತದೆ, ಹಾಗಾಗಿ ನನ್ನ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಬ್ರೇಕಿನ ಸರಳುಗಳನ್ನು ಬಿಗಿಮಾಡಿ, ಕಾರನ್ನು ನೆಲಕ್ಕೆ ಇಳಿಸಿ, ಅಪ್ಪನ ಮುಂದೆ ನಿಂತೆ. ನಮ್ಮ ಬೀದಿ ಶೆಡ್ಡಿನಿಂದಾಚೆ ಸ್ವಲ್ಪ ಇಳಿಜಾರು. ಅಲ್ಲಿ ಒಂದು ಸಲ ತುಳಿದು ನೋಡು, ಆಮೇಲೆ ಕಾರಿನ ಮಾತೇ ಎತ್ತುವುದಿಲ್ಲ ಅಂದೆ. ಅಪ್ಪ ಕೊನೆಗೆ ಎದ್ದ. ಸ್ಟೀರಿಂಗ್ ಮುಂದೆ ಕೂತ. ನಾನು ಪಕ್ಕದಲ್ಲಿ ಕೂತೆ. ಕಾರು ಮೆಲ್ಲಗೆ ಇಳಿಯಿತು.

"ಈಗ ತುಳಿ" ಅಂದೆ.

ತುಳಿದ. ಕಾರು ನಿಲ್ಲಲಿಲ್ಲ. ಬೆಣ್ಣೆಯ ಮೇಲೆ ಜಾರುವ ಹಾಗೆ ಜಾರಿಕೊಂಡು ಹೋಗಿ, ಎದುರು ಮನೆಯವರು ಗೋಡೆ ಕಟ್ಟಲು ಸುರಿಸಿದ್ದ ಮರಳಿನ ಗುಡ್ಡೆಗೆ ಮೂತಿ ಇಟ್ಟು ನಿಂತಿತು.

ಅಪ್ಪ ಇಳಿದು, ಮನೆಯೊಳಗೆ ಹೋಗಿ, ಕಾರಿನ ಬೀಗದ ಕೈಯನ್ನು ದೇವರ ಗೂಡಿನಲ್ಲಿ ಇಟ್ಟ. ಆಮೇಲೆ ಬಾಗಿಲಿಗೆ ಬಂದು, "ಗುಜರಿಯವನಿಗೆ ಹೇಳಿ ಕಳ್ಸು ಕಣಮ್ಮ. ಹೊಸ ಪಟ್ಟಿ ಕಟ್ಟಿದ್ರೂ ನನ್ ಕಾಲಿಗೆ ಬಗ್ಗಲಿಲ್ಲ ಅಂದ್ಮೇಲೆ ಇನ್ನೇನಿದೆ" ಅಂದ. ದನಿ ಏರಿಸಿಯೂ ಹೇಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನಾನೇ ಹಟಮಾಡಿ ಅವನನ್ನು ಕೂರಿಸಿದ್ದೆ. ಈಗ ಅವನ ಹುಚ್ಚು ನಂಬಿಕೆಗೆ ನಾನೇ ಸಾಕ್ಷಿ ಒದಗಿಸಿದಂತಾಗಿತ್ತು.

ಆದರೆ ನನ್ನ ಕೈಕೆಲಸದ ಮೇಲೆ ನನಗೆ ಅನುಮಾನ ಬರಲಿಲ್ಲ. ಬರುವುದಕ್ಕೆ ಕಾರಣವೇ ಇರಲಿಲ್ಲ. ಕಾರನ್ನು ಬೀದಿಯವರ ಕೈಯಲ್ಲಿ ವಾಪಸು ತಳ್ಳಿಸಿ, ಮುಂದಿನ ಚಕ್ರವನ್ನು ಮತ್ತೆ ಬಿಚ್ಚಿದೆ. ಡ್ರಮ್ಮು ತೆಗೆದು ಪಟ್ಟಿಯ ಮೇಲೆ ಬೆರಳಾಡಿಸಿದೆ. ಬೆರಳು ಜಾರಿತು. ಮೂಗಿನ ಹತ್ತಿರ ಹಿಡಿದೆ.

ಹರಳೆಣ್ಣೆ.

ಅಡುಗೆಮನೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಅತ್ತೆ ಒಲೆಯ ಮುಂದೆ ಕೂತಿದ್ದಳು.

"ಅತ್ತೆ, ಕಾರಿನ ಶೂಗೆ ಎಣ್ಣೆ ಹಚ್ಚಿದ್ಯಾ?"

"ಹೂಂ ಕಣವ್ವ, ಹಚ್ದೆ" ಅಂದಳು. ಕಳ್ಳತನ ಸಿಕ್ಕಿಬಿದ್ದವಳ ಹಾಗಲ್ಲ, ಒಳ್ಳೆ ಕೆಲಸ ಮಾಡಿ ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ.

"ಯಾಕೆ ಹಚ್ದೆ? ಯಾರು ಹೇಳಿದ್ರು ನಿಂಗೆ?"

"ನೀನೇ ಅಂದ್ಯಲ್ಲ, ಹೊಸ ಶೂ, ಕಚ್ಚೇ ಕಚ್ತದೆ, ಕಾಲಿಗೇ ಗೊತ್ತಾಗ್ತದೆ ಅಂತ. ಮೊದ್ಲೇ ಅವನು ಕಾಲು ಕಾಲು ಅಂತ ಕೂತವ್ನೆ. ಹೊಸ ಮೆಟ್ಟಿಗೆ ಹರಳೆಣ್ಣೆ ಕುಡಿಸ್ದೆ ಯಾರಾರ ಮೆಟ್ಕಂತಾರಾ? ನಿಮ್ಮಾವ ಮದುವೆ ಮೆಟ್ಟಿಗೇ ಎಣ್ಣೆ ಹಚ್ದೆ ಹಾಕ್ಕಂಡು ಬೊಬ್ಬೆ ಎದ್ದು ಕುಂಟ್ತಾ ಧಾರೆಗೆ ಬಂದಿದ್ರು. ನಾನು ಚೆನ್ನಾಗಿ ತಿಕ್ಕಿ, ಮಿಕ್ಕಿದ್ದು ಬಟ್ಟೇಲಿ ಒರೆಸಿದೀನಿ. ಇನ್ನು ಕಚ್ಚಲ್ಲ ಬುಡು."

ಕಚ್ಚಲ್ಲ ಬುಡು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬೈಯಬೇಕೆಂದು ಬಂದವಳ ಬಾಯಿಂದ ನಗು ಹೊರಟಿತು. ನಗು ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು. ಕಾಲಿಗೆ ನೋವಾಗದಿರಲಿ ಎಂದು ಅವಳು ಮಾಡಿದ ಕೆಲಸ ಆ ಕಾಲನ್ನೇ ಮೂಲೆಗೆ ಕೂರಿಸಿಬಿಟ್ಟಿತ್ತು. ಕೈ ಹಿಡಿದು ಅವಳನ್ನು ಅಪ್ಪನ ಮುಂದೆ ಕರೆತಂದು ನಿಲ್ಲಿಸಿ, ನಿನ್ನ ತಮ್ಮನಿಗೆ ಹೇಳು ಅಂದೆ. ಅವಳು ಮೊದಲಿನಿಂದ ಮತ್ತೆ ಹೇಳಿದಳು, ಮಾವನ ಬೊಬ್ಬೆಯ ಸಮೇತ.

ಅಪ್ಪ ಕೇಳಿಸಿಕೊಂಡ. ನನ್ನ ಎಣ್ಣೆಯ ಬೆರಳನ್ನು ಮೂಸಿ ನೋಡಿದ. ಆಮೇಲೆ ಬಹಳ ಗಂಭೀರವಾಗಿ ಅಕ್ಕನನ್ನು ಕೇಳಿದ.

"ಒಂದು ಚಕ್ರಕ್ಕೆ ಹಚ್ದ್ಯೋ, ಎಲ್ಲಾದಕ್ಕೂ ಹಚ್ದ್ಯೋ?"

"ಎಲ್ಲಾದಕ್ಕೂ ಕಣ್ಲಾ. ಒಂದಕ್ಕೆ ಹಚ್ಚಿ ಒಂದಕ್ಕೆ ಬುಟ್ರೆ ಪಕ್ಷಪಾತ ಆಗಲ್ವಾ?"

ಅಪ್ಪ ನಕ್ಕ. ಎಷ್ಟೋ ದಿನದ ಮೇಲೆ ನಕ್ಕ ನಗು, ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದ. ಯಾಕೆ ನಗುತ್ತಾನೆ ಎಂದು ಅತ್ತೆಗೆ ತಿಳಿಯಲಿಲ್ಲ. ಬ್ರೇಕಿನ ಶೂ ಕಾಲಿಗೆ ಹಾಕುವಂಥದ್ದಲ್ಲ, ಅದು ಕಚ್ಚಿದರೇ ಗಾಡಿ ನಿಲ್ಲುವುದು ಎಂದು ನಾನು ಬಿಡಿಸಿ ಹೇಳಿದಾಗ ಅವಳ ಮುಖ ಸಪ್ಪಗಾಯಿತು. "ಅಂಗಾರೆ ನನ್ನಿಂದ್ಲೇ ನಿನ್ ಗಾಡಿ ಗುದ್ಕೊಂಡಿದ್ದಾ?" ಅಂದಳು ಮೆಲ್ಲಗೆ.

"ಏ ಸುಮ್ನಿರಕ್ಕ. ಗುದ್ದಿದ್ದು ಮರಳಿಗೆ" ಅಂದ ಅಪ್ಪ.

ಅವನು ಎದ್ದು ಶೆಡ್ಡಿಗೆ ಬಂದ. ಕರೆಯದೆ ಬಂದ, ಅದೇ ದೊಡ್ಡದು. ಪೆಟ್ರೋಲಿನಲ್ಲಿ ಒಂದೊಂದು ಶೂವನ್ನೂ ಅದ್ದಿ ತೊಳೆದು, ಅಂಗಳದಲ್ಲಿ ಬೆಂಕಿ ಕೊಟ್ಟು ಒಳಗೆ ಹೀರಿದ್ದ ಎಣ್ಣೆಯನ್ನು ಸುಟ್ಟು, ಆರಿದ ಮೇಲೆ ಉಪ್ಪುಕಾಗದದಲ್ಲಿ ಮೇಲ್ಮೈ ತಿಕ್ಕಿದ. ನನ್ನ ರಿವೆಟ್ಟುಗಳ ಮೇಲೆ ಹೆಬ್ಬೆರಳು ಆಡಿಸಿ, "ಪರವಾಗಿಲ್ಲ" ಅಂದ. ನಮ್ಮಪ್ಪನ ಬಾಯಲ್ಲಿ ಪರವಾಗಿಲ್ಲ ಅಂದರೆ ಬೇರೆಯವರ ಬಾಯಲ್ಲಿ ಭೇಷ್ ಅಂದಂತೆ. ಇಳಿಜಾರಿನಲ್ಲಿ ಈ ಸಲ ನಾನು ತುಳಿದೆ, ಕಾರು ನಿಂತಿತು. ಆಮೇಲೆ ಅವನು ತುಳಿದ, ಆಗಲೂ ನಿಂತಿತು. ಆದರೂ ಅವನ ಮುಖದ ಗಂಟು ಪೂರ್ತಿ ಬಿಡಿಸಿಕೊಂಡಿರಲಿಲ್ಲ. "ಬೀದೀಲಿ ನಿಲ್ಲೋದು ಬೇರೆ, ಬೆಟ್ಟದಲ್ಲಿ ನಿಲ್ಲೋದು ಬೇರೆ" ಅಂದ.

ಹಾಗಾದರೆ ಬೆಟ್ಟಕ್ಕೇ ಹೋಗೋಣ ಅಂದೆ. ನಾನು ಬಿಡುವ ಪೈಕಿಯಲ್ಲ. ನಾನು ಓಡಿಸುತ್ತೇನೆ, ನೀನು ಸುಮ್ಮನೆ ಕೂತಿರು ಅಂದದ್ದಕ್ಕೆ ಒಪ್ಪಿದ. ಆಶ್ಚರ್ಯವೆಂದರೆ, ಮಾರನೆಯ ಬೆಳಿಗ್ಗೆ ಅತ್ತೆಯೂ ಒಳ್ಳೆ ಸೀರೆಯುಟ್ಟು, ಹಣ್ಣುಕಾಯಿಯ ಬುಟ್ಟಿ ಹಿಡಿದು ಕಾರಿನ ಪಕ್ಕ ನಿಂತಿದ್ದಳು. "ನಾನೇ ಕೆಡಿಸಿದ್ದು, ಸರಿಯಾಗದೋ ಇಲ್ವೋ ನಾನೇ ನೋಡ್ಬೇಕು" ಅಂದಳು. ಹಿಂದಿನ ಸೀಟಿನ ನಡುವೆ, ಎತ್ತಿನ ಗಾಡಿಯಲ್ಲಿ ಕೂರುವ ಹಾಗೆ ಕಾಲು ಮಡಿಚಿ, ಎರಡು ಕೈಯಲ್ಲೂ ಮುಂದಿನ ಸೀಟು ಹಿಡಿದು ಕೂತಳು.

ಹತ್ತುವುದು ಏನೂ ಕಷ್ಟವಾಗಲಿಲ್ಲ. ಮಂಡಿನೋವಿನ ಅತ್ತೆ ದೇವಿಯನ್ನು ಹತ್ತಿರದಿಂದ ನೋಡಿ ಅತ್ತುಬಿಟ್ಟಳು. ಪೂಜೆಯಾಗಿ ಕಾರಿನ ಹತ್ತಿರ ಬಂದಾಗ ನಾನು ಸ್ಟೀರಿಂಗಿನ ಕಡೆಯ ಬಾಗಿಲು ತೆಗೆದೆ. ಅತ್ತೆ ಹತ್ತಲಿಲ್ಲ.

"ಇಳಿಸೋದು ಯಾರು?" ಅಂದಳು.

"ನಾನೇ ಅತ್ತೆ."

"ನೀನು ಇಳಿಸಂಗಿದ್ರೆ ನಾನು ಮೆಟ್ಲಲ್ಲಿ ಇಳೀತೀನಿ. ನಾನು ಹತ್ತಿದ್ದು ನನ್ ತಮ್ಮನ ಗಾಡಿ."

"ಮಂಡಿ ನೋಯ್ತದೆ ಕಣಕ್ಕ" ಅಂದ ಅಪ್ಪ.

"ನೋಯ್ಲಿ. ನಿನ್ ಕಾಲು ಕೂತಿರುವಾಗ ನನ್ ಕಾಲು ನಡೀಲಿ ಬುಡು."

ಬುಟ್ಟಿ ಕಂಕುಳಿಗೆ ಸೇರಿಸಿ ನಿಜವಾಗಿಯೂ ಮೆಟ್ಟಿಲಿನ ಕಡೆ ಹೊರಟಳು. ಅಪ್ಪ ಅವಳ ಬೆನ್ನನ್ನು ನೋಡಿದ, ನನ್ನನ್ನು ನೋಡಿದ. ನಾನು ಬೀಗದ ಕೈ ಚಾಚಿದೆ. ಅವನು ತೆಗೆದುಕೊಂಡು, "ಬಾರಕ್ಕ, ಕೂತ್ಕೋ" ಅಂದ.

ಮೊದಲ ತಿರುವು, ಎರಡನೆಯದು, ಅವನು ಗೇರಿನಲ್ಲೇ ಇಳಿಸಿದ. ಬ್ರೇಕಿನ ಮೇಲೆ ಕಾಲು ಇಟ್ಟೂ ಇಡದ ಹಾಗೆ. ಅವತ್ತು ಕಾರು ಒರಗಿದ್ದ ದಿಬ್ಬ ಎದುರಿಗೆ ಬಂತು. ಮಣ್ಣಿನಲ್ಲಿ ಮಡ್ಗಾರ್ಡಿನ ಗುರುತು ಇನ್ನೂ ಇತ್ತು. ಅಲ್ಲಿ, ಇಳಿಜಾರು ಜೋರಾಗಿರುವ ಕಡೆಯೇ, ಅಪ್ಪ ಪೆಡಲ್ ತುಳಿದ. ಕಾರು ಒಂದು ಸಲ ಮುಂದಕ್ಕೆ ಬಾಗಿ, ನೆಟ್ಟ ಕಂಬದಂತೆ ನಿಂತಿತು. ಅಪ್ಪ ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹಿಡಿದಿದ್ದದ್ದು ಕಾಲೊಂದೇ. ಕೆಳಗೆ ಇಡೀ ಮೈಸೂರು ಕಾಣುತ್ತಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ, ತನ್ನ ಬಲಗಾಲನ್ನು ನೋಡುತ್ತಿದ್ದ.

"ಯಾಕ್ಲಾ ನಿಲ್ಸ್ಬುಟ್ಟೆ?" ಅಂದಳು ಅತ್ತೆ ಹಿಂದಿನಿಂದ.

"ಕಚ್ತದಾ ಅಂತ ನೋಡ್ದೆ ಕಣಕ್ಕ."

"ಕಚ್ತಾ? ಕಾಲಿಗಾ?"

"ಇಲ್ಲ ಕಣಕ್ಕ" ಅಂದ ಅಪ್ಪ. "ಕಾಲು ಚೆನ್ನಾಗದೆ."

"ಅದನ್ನೇ ನಾನು ಅವತ್ತಿಂದ ಹೇಳ್ತಿರೋದು. ನಡಿ ಮತ್ತೆ" ಅಂದಳು. ಅಪ್ಪ ಸ್ಟೀರಿಂಗ್ ಹಿಡಿದು ಕಾಲು ಸಡಿಲಿಸಿದ, ಕಾರು ಇಳಿಯತೊಡಗಿತು.